ಮನೆಯ ಕಿಟಕಿಗೆ ಟಿಂಟ್ ಫಿಲಂ: ಯಾವ ಗಾಜಿಗೆ ಯಾವುದು, ಯಾವ ಭಯ ನಿಜ

ಟಿಂಟ್ ಫಿಲಂ ಕೇಳಿಕೊಂಡು ಹೋದರೆ ಅಂಗಡಿಯವರು ಮೊದಲು ಮುಂದಿಡುವುದು ಸ್ಯಾಂಪಲ್ ಪುಸ್ತಕ. ಕಪ್ಪು, ಬೂದು, ಕಂಚು, ಬೆಳ್ಳಿ. ಬಣ್ಣ ನೋಡಿ ಆರಿಸುತ್ತೇವೆ. ಕಪ್ಪಾಗಿದ್ದಷ್ಟೂ ಮನೆ ತಂಪು ಅಂದುಕೊಳ್ಳುತ್ತೇವೆ. ಆಯ್ಕೆ ಕೆಡುವುದು ಅಲ್ಲೇ. ಮೊದಲು ಕಿಟಕಿ ನೋಡಬೇಕು, ಆಮೇಲೆ ಅದರ ಗಾಜು, ಸ್ಯಾಂಪಲ್ ಪುಸ್ತಕ ಕೊನೆಗೆ.

ಒಂದೇ ಮನೆಯ ಎಲ್ಲ ಕಿಟಕಿಗೂ ಒಂದೇ ಫಿಲಂ ಸರಿಹೋಗುವುದು ಅಪರೂಪ. ಪಶ್ಚಿಮದ ಕಿಟಕಿಗೆ ಸಂಜೆಯ ಬಿಸಿಲಿನ ಕಾಟ. ರಸ್ತೆ ಕಡೆಯ ಕಿಟಕಿಗೆ ಹೋಗಿಬರುವವರ ಕಣ್ಣಿನ ಕಾಟ. ಕಂಪ್ಯೂಟರ್ ಮುಂದಿನ ಕಿಟಕಿಯಲ್ಲಿ ಬೆಳಕು ಕಣ್ಣು ಕುಕ್ಕುತ್ತದೆ. ಮಕ್ಕಳು ಆಡುವ ಕೋಣೆಯ ದೊಡ್ಡ ಗಾಜು ಒಡೆದರೆ ಏನು ಗತಿ ಎಂಬುದು ಬೇರೆಯೇ ಚಿಂತೆ. ಇವಕ್ಕೆಲ್ಲ ಮದ್ದು ಬೇರೆ ಬೇರೆ. ಕಿಟಕಿಗೊಂದು ಸಾಲಿನಂತೆ ತೊಂದರೆ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಯಾವ ತೊಂದರೆಯೂ ಇಲ್ಲದ ಕಿಟಕಿಯನ್ನು ಬಿಟ್ಟುಬಿಡಿ. ಪೂರ್ತಿ ಮನೆಗೆ ಹಾಕಿಸಿದರೆ ರಿಯಾಯಿತಿ ಅಂದರೂ ಸುಮ್ನೆ ಬಿಡಿ.

ಕಪ್ಪು ಬಣ್ಣಕ್ಕೂ ತಂಪಿಗೂ ಇರುವ ನಂಟು

ನೆಲಕ್ಕೆ ಬರುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇನ್‌ಫ್ರಾರೆಡ್. ಅದು ಕಣ್ಣಿಗೆ ಕಾಣುವುದಿಲ್ಲ. ಯುವಿ, ಅಂದರೆ ಅತಿನೇರಳೆ ಕಿರಣದ ಪಾಲು 5%ರ ಆಸುಪಾಸು. ಉಳಿದದ್ದು ಕಾಣುವ ಬೆಳಕು. ಫಿಲಂ ಕಪ್ಪಗಿದೆ ಅಂದರೆ ಕಾಣುವ ಬೆಳಕನ್ನು ಅದು ತಡೆಯುತ್ತಿದೆ ಎಂದಷ್ಟೇ ತಿಳಿಯಿತು. ಕಾಣದ ಅರ್ಧವನ್ನು ಏನು ಮಾಡುತ್ತಿದೆ ಅನ್ನುವುದನ್ನು ಬಣ್ಣ ಹೇಳುವುದಿಲ್ಲ. ಹಾಗಾಗಿ ನೋಡಲು ಹೆಚ್ಚುಕಡಿಮೆ ಸಾದಾ ಗಾಜಿನಂತೆಯೇ ಕಾಣುವ ಫಿಲಂ ಒಂದು ಕಪ್ಪು ಫಿಲಂಗಿಂತ ಹೆಚ್ಚು ಶಾಖ ತಡೆಯಬಹುದು.

ಇದನ್ನು ಅಳೆಯಲು ಮೂರು ಅಂಕಿ ಸಾಕು. ವಿಎಲ್‌ಟಿ ಅಂದರೆ ಕಾಣುವ ಬೆಳಕು ಶೇಕಡಾ ಎಷ್ಟು ಒಳಗೆ ಬರುತ್ತದೆ ಅನ್ನುವುದು. 70 ಇದ್ದರೆ ಕೋಣೆ ಬೆಳಕಾಗಿರುತ್ತದೆ, 20 ಇದ್ದರೆ ಮಬ್ಬು. ಟಿಎಸ್‌ಇಆರ್ ಅಂದರೆ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯಿತು ಎಂಬುದು. ಮೂರನೆಯದು ಎಸ್‌ಎಚ್‌ಜಿಸಿ. ಅದು ಟಿಎಸ್‌ಇಆರ್‌ನ ಇನ್ನೊಂದು ಮುಖ, ಅಂದರೆ ಒಳಗೆ ಬಂದ ಪಾಲು. 3 ಮಿ.ಮೀ. ಸಾದಾ ಗಾಜಿಗೆ ಇದು ಸುಮಾರು 0.86. ಬಿಸಿಲಿನ ಶಕ್ತಿಯಲ್ಲಿ 86% ಮನೆಯೊಳಗೆ ಬರುತ್ತದೆ ಅಂತ ಅರ್ಥ. ಒಳ್ಳೆಯ ಸ್ಪೆಕ್ಟ್ರಲಿ ಸೆಲೆಕ್ಟಿವ್ ಫಿಲಂ (ಕಾಣುವ ಬೆಳಕನ್ನು ಬಿಟ್ಟು ಇನ್‌ಫ್ರಾರೆಡ್ ಅನ್ನು ಆರಿಸಿ ತಡೆಯುವಂಥದ್ದು) 70ರ ಹತ್ತಿರದ ವಿಎಲ್‌ಟಿ ಇಟ್ಟುಕೊಂಡೇ ಟಿಎಸ್‌ಇಆರ್ ಅನ್ನು 50ರ ಹತ್ತಿರಕ್ಕೆ ತರುತ್ತದೆ. ಗಾಢ ಬೆಳ್ಳಿ ಬಣ್ಣದ ಕನ್ನಡಿ ಫಿಲಂ 75ರಿಂದ 80ರವರೆಗೂ ಹೋಗುತ್ತದೆ, ಆದರೆ ಕೋಣೆಯ ಬೆಳಕನ್ನೂ ತಿಂದುಹಾಕುತ್ತದೆ.

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಇವ್ಯಾವೂ ಅಲ್ಲ. ಅಲ್ಲಿ ‘95% ಇನ್‌ಫ್ರಾರೆಡ್ ತಡೆ’ ಅಂತ ಇರುತ್ತದೆ. ಇನ್‌ಫ್ರಾರೆಡ್ ಹರಡಿರುವುದು ಸುಮಾರು 780 ನ್ಯಾನೋಮೀಟರಿನಿಂದ 2500ರವರೆಗೆ. ಕೆಲವರು ಅದರಲ್ಲಿ ತಮ್ಮ ಫಿಲಂ ಚೆನ್ನಾಗಿ ಕೆಲಸ ಮಾಡುವ ಒಂದು ಸಣ್ಣ ತುಂಡನ್ನಷ್ಟೇ ಅಳೆದು ಅಂಕಿ ಕೊಡುತ್ತಾರೆ. ಅಂಕಿ ಸುಳ್ಳಲ್ಲ, ಆದರೆ ನಿಮ್ಮ ಕೋಣೆಗೆ ಅದರಿಂದ ಏನೂ ತಿಳಿಯದು. ಟಿಎಸ್‌ಇಆರ್ ಎಷ್ಟು, ಎಷ್ಟು ದಪ್ಪದ ಯಾವ ಗಾಜಿನ ಮೇಲೆ ಅಳೆದದ್ದು ಅಂತ ಕೇಳಿ. ಉತ್ತರ ಬರದಿದ್ದರೆ ಆ ಫಿಲಂ ಬೇಡ.

ಅಂಗಡಿಯ ದೀಪದ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಗಾಜಿನ ತುಂಡಿನ ಹಿಂದೆ ಕೆಂಪು ಶಾಖದ ದೀಪ ಉರಿಯುತ್ತಿರುತ್ತದೆ. ಫಿಲಂ ಇಲ್ಲದ ಕಡೆ ಕೈ ಇಟ್ಟರೆ ಸುಡುತ್ತದೆ, ಫಿಲಂ ಇರುವ ಕಡೆ ಇಟ್ಟರೆ ತಣ್ಣಗೆ. ನೋಡಿದವರು ಒಪ್ಪಿಬಿಡುತ್ತಾರೆ. ಆದರೆ ಆ ದೀಪದಲ್ಲಿ ಇರುವುದು ಹೆಚ್ಚಾಗಿ ಇನ್‌ಫ್ರಾರೆಡ್, ಬಿಸಿಲಿನ ಮಿಶ್ರಣವೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಶಾಖವನ್ನು ಹೀರಿಕೊಳ್ಳುವ ಫಿಲಂ ಕೂಡ ಮೊದಲ ಅರ್ಧ ನಿಮಿಷ ಕೈಗೆ ತಣ್ಣಗೇ ಇರುತ್ತದೆ. ಹೀರಿದ ಶಾಖ ಗಾಜನ್ನು ಕಾಯಿಸಿ, ಅದರಲ್ಲೊಂದು ಪಾಲು ಮತ್ತೆ ಒಳಗೇ ಬರುತ್ತದೆ. ಪರೀಕ್ಷೆ ನೋಡಲೇಬೇಕು ಅನ್ನಿಸಿದರೆ ದೀಪವನ್ನು ಐದು ನಿಮಿಷ ಹಾಗೇ ಉರಿಯಲು ಬಿಟ್ಟು, ಆಮೇಲೆ ಗಾಜನ್ನೇ ಮುಟ್ಟಿ ನೋಡಿ.

ಬಗೆಗಳು, ಒಂದರ ಎದುರು ಇನ್ನೊಂದು

ಬಣ್ಣ ಸೇರಿಸಿ ಮಾಡಿದ ಡೈಡ್ ಫಿಲಂ ಎಲ್ಲಕ್ಕಿಂತ ಅಗ್ಗ. ಬೆಳಕಿನ ಹೊಡೆತ ಕಡಿಮೆ ಮಾಡುವುದು ಚೆನ್ನಾಗಿಯೇ ಮಾಡುತ್ತದೆ. ಶಾಖ ತಡೆಯುವುದರಲ್ಲಿ ಸಾಧಾರಣ, ಅದೂ ಹೀರಿಕೊಂಡು ತಡೆಯುವುದು. ವರ್ಷಗಳು ಕಳೆದಂತೆ ಬಣ್ಣ ಮಾಸುತ್ತದೆ. ಕೆಲವು ಕಿಟಕಿಗಳು ನೇರಳೆ ಬಣ್ಣಕ್ಕೆ ತಿರುಗಿರುವುದನ್ನು ನೋಡಿರುತ್ತೀರಿ. ಒಳಗೆ ಬೆರೆಸಿದ ಬಣ್ಣಗಳು ಒಂದೇ ವೇಗದಲ್ಲಿ ಮಾಸದೆ ಹೀಗಾಗುತ್ತದೆ. ನೇರ ಬಿಸಿಲು ಬೀಳುವ ಕಿಟಕಿಗೆ ಇದನ್ನು ನಾನು ಹೇಳುವುದಿಲ್ಲ.

ಲೋಹದ ತೆಳು ಪದರ ಇರುವ ಫಿಲಂ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಶಾಖದ ವಿಷಯದಲ್ಲಿ ಇದು ಗಟ್ಟಿ ಕುಳ, ಬಾಳಿಕೆಯೂ ಜಾಸ್ತಿ. ಆದರೆ ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತದೆ, ರಾತ್ರಿ ಒಳಗಿನಿಂದಲೂ ಸ್ವಲ್ಪ ಹೊಳೆಯುತ್ತದೆ. ಮೊಬೈಲ್ ಸಿಗ್ನಲ್ ಕುಂದಬಹುದು ಎಂಬ ಭಯ ಲೋಹ ಇರುವ ಫಿಲಂಗಳಿಗೆ ಮಾತ್ರ ಅನ್ವಯಿಸುತ್ತದೆ, ಮತ್ತು ಅದು ನಿಜ. ಸಿಗ್ನಲ್ ಈಗಲೇ ಒಂದೆರಡು ಕಡ್ಡಿಯಲ್ಲಿ ತೂಗಾಡುತ್ತಿದ್ದರೆ ಲೋಹದ ಫಿಲಂ ಹಾಕಿಸುವ ಮೊದಲು ಎರಡು ಸಲ ಯೋಚಿಸಿ. ಮನೆಯೊಳಗಿನ ವೈಫೈಗೆ ತೊಂದರೆ ಇಲ್ಲ, ರೂಟರ್ ಒಳಗೇ ಇದೆಯಲ್ಲ.

ಸೆರಾಮಿಕ್ ಫಿಲಂನಲ್ಲಿ ಇರುವುದು ಲೋಹದ ಹಾಳೆಯಲ್ಲ, ಅತಿ ಸಣ್ಣ ಸೆರಾಮಿಕ್ ಕಣಗಳು. ಕಾಣುವ ಬೆಳಕನ್ನು ಬಿಟ್ಟು ಇನ್‌ಫ್ರಾರೆಡ್ ಅನ್ನು ಹಿಡಿಯುತ್ತವೆ. ಕನ್ನಡಿ ಹೊಳಪಿಲ್ಲ, ಸಿಗ್ನಲ್ ತೊಂದರೆಯಿಲ್ಲ, ಬಣ್ಣ ಬೇಗ ಮಾಸುವುದಿಲ್ಲ. ಬೆಲೆ ಜಾಸ್ತಿ. ಒಂದು ವಿಷಯ ನೆನಪಿರಲಿ: ಇವುಗಳಲ್ಲಿ ಹೆಚ್ಚಿನವು ಶಾಖವನ್ನು ಹೀರಿಕೊಳ್ಳುವ ಜಾತಿಯವು. ಗಾಜು ಬಿಸಿಯಾಗುತ್ತದೆ. ಎರಡು ಪದರದ ಗಾಜಿದ್ದವರಿಗೆ ಇದು ಬಹಳ ಮುಖ್ಯ, ಅದಕ್ಕೆ ಮುಂದೆ ಬರುತ್ತೇನೆ. ಬೆಳ್ಳಿಯಂಥ ಲೋಹದ ಹಲವು ಸೂಕ್ಷ್ಮ ಪದರಗಳಿಂದಲೋ, ಲೋಹವೇ ಇಲ್ಲದ ನೂರಾರು ಪ್ಲಾಸ್ಟಿಕ್ ಪದರಗಳಿಂದಲೋ ಮಾಡಿದ ಸ್ಪೆಕ್ಟ್ರಲಿ ಸೆಲೆಕ್ಟಿವ್ ಫಿಲಂಗಳು ಇದಕ್ಕಿಂತ ಮೇಲಿನ ದರ್ಜೆಯವು. ಹೊರಗಿನ ನೋಟ ಕೆಡಬಾರದು, ಬೆಳಕೂ ಬೇಕು, ಶಾಖ ಮಾತ್ರ ಬೇಡ ಅನ್ನುವವರಿಗೆ ಹಣ ಇದ್ದರೆ ಇದೇ ಸರಿ.

ಸಾಮಾನು, ನೆಲ, ಚಿತ್ರಗಳ ಬಣ್ಣ ಮಾಸುವುದೊಂದೇ ಚಿಂತೆಯಾದರೆ ಬಣ್ಣವೇ ಇಲ್ಲದ ಯುವಿ ಫಿಲಂ ಸಾಕು. ಒಳ್ಳೆಯ ಫಿಲಂ ಯಾವುದೇ ಆದರೂ ಯುವಿಯನ್ನು 99% ತಡೆಯುತ್ತದೆ, ಅದಕ್ಕೆ ಕಪ್ಪು ಬೇಕಿಲ್ಲ. ಆದರೆ ಬಣ್ಣ ಮಾಸುವುದು ಪೂರ್ತಿ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಣುವ ಬೆಳಕು, ಶಾಖ ಎರಡೂ ಬಣ್ಣ ತಿನ್ನುತ್ತವೆ. ಮಾಸುವ ವೇಗ ಕಡಿಮೆಯಾಗುತ್ತದೆ, ಅಷ್ಟೇ.

ಸೇಫ್ಟಿ ಫಿಲಂ ಬೇರೆಯದೇ ವಸ್ತು. ಬಿಸಿಲಿನ ಫಿಲಂ ಸುಮಾರು 40ರಿಂದ 50 ಮೈಕ್ರಾನ್ ದಪ್ಪ ಇದ್ದರೆ ಇದು 100, 200 ಮೈಕ್ರಾನ್. ಗಾಜು ಒಡೆಯದಂತೆ ಇದು ತಡೆಯುವುದಿಲ್ಲ. ಒಡೆದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಳ್ಳರ ಭಯಕ್ಕೆ ಹಾಕಿಸುವುದಾದರೆ ಅಂಚನ್ನು ಫ್ರೇಮಿಗೆ ಸಿಲಿಕೋನ್‌ನಿಂದ ಸೇರಿಸಲೇಬೇಕು. ಇಲ್ಲದಿದ್ದರೆ ಒಡೆದ ಗಾಜು ಫಿಲಂ ಸಮೇತ ಹಾಳೆಯಂತೆ ಕಳಚಿ ಬರುತ್ತದೆ.

ಗಾಜು ಸೀಳುತ್ತದೆಯೇ?

ಇದೇ ಎಲ್ಲರೂ ಕೇಳುವ ಪ್ರಶ್ನೆ. ಇಡೀ ವಿಷಯದಲ್ಲಿ ನಿಜವಾಗಿಯೂ ಹೆದರಬೇಕಾದ್ದೂ ಇದೊಂದೇ. ಉತ್ತರ: ಸೀಳಬಹುದು, ಆದರೆ ತಪ್ಪು ಜೋಡಿಯಾದಾಗ ಮಾತ್ರ. ಯಾವುದು ತಪ್ಪು ಜೋಡಿ ಅಂತ ಮೊದಲೇ ತಿಳಿಯಬಹುದು.

ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದಾಗ ಲೋಟ ಸೀಳುವ ಕಾರಣವೇ ಇಲ್ಲಿಯೂ. ಬಿಸಿಲು ಬಿದ್ದ ನಡುಭಾಗ ಕಾದು ಹಿಗ್ಗುತ್ತದೆ. ಫ್ರೇಮಿನೊಳಗೆ ಹುದುಗಿದ ಅಂಚು ತಣ್ಣಗೇ ಇರುತ್ತದೆ, ಹಿಗ್ಗುವುದಿಲ್ಲ. ನಡುಭಾಗ ಅಂಚನ್ನು ಎಳೆಯುತ್ತದೆ. ಗಾಜು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಅಂಚಿನಲ್ಲಿ ಕತ್ತರಿಸುವಾಗ ಆದ ಸಣ್ಣ ಚಕ್ಕೆಯೊಂದು ಇದ್ದರೆ ಬಿರುಕು ಅಲ್ಲಿಂದಲೇ ಶುರು. ಫಿಲಂ ಶಾಖ ಹೀರಿದಷ್ಟೂ ನಡುಭಾಗ ಇನ್ನಷ್ಟು ಕಾಯುತ್ತದೆ. ಅಂಚು ಚೆನ್ನಾಗಿರುವ ಸಾದಾ ಗಾಜು ಸುಮಾರು 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸದವರೆಗೆ ತಾಳಬಹುದು. ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದ ಗಾಜು, ಸುಮಾರು 200 ಡಿಗ್ರಿ ತಾಳುತ್ತದೆ. ಅದಕ್ಕೇ ಟಫನ್ಡ್ ಗಾಜಿಗೆ ಈ ಭಯ ಇಲ್ಲ ಅಂದರೂ ನಡೆಯುತ್ತದೆ.

ಎಚ್ಚರ ಬೇಕಾದ ಗಾಜುಗಳು ಇವು: ಎರಡು ಅಥವಾ ಮೂರು ಪದರದ ಗಾಜು, ಒಳಗೆ ತಂತಿ ಬಲೆ ಇರುವ ಗಾಜು, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು, ಮೊದಲೇ ಬಣ್ಣ ಇರುವ ಗಾಜು, ತುಂಬ ದೊಡ್ಡ ಅಥವಾ ದಪ್ಪ ಹಲಗೆ, ಅಂಚು ಒಡೆದಿರುವ ಹಳೆಯ ಗಾಜು. ಇವುಗಳ ಮೇಲೆ ಗಾಢವಾದ, ಶಾಖ ಹೀರುವ ಫಿಲಂ ಅಂಟಿಸುವುದೇ ತಪ್ಪು ಜೋಡಿ. ಅರ್ಧ ಗಾಜಿಗೆ ಸಜ್ಜಾದ ನೆರಳು, ಉಳಿದರ್ಧಕ್ಕೆ ಬಿಸಿಲು ಬೀಳುವ ಕಡೆ ಅಪಾಯ ಇನ್ನೂ ಹೆಚ್ಚು. ಗಾಜಿಗೆ ಅಂಟಿಕೊಂಡಂತೆ ದಪ್ಪ ಪರದೆ ಇಳಿಬಿಟ್ಟರೂ, ಬೀರು ಒರಗಿಸಿದರೂ ಶಾಖ ಹೋಗಲು ದಾರಿ ಸಿಗದೆ ಹಾಗೇ ಆಗುತ್ತದೆ. ಗಾಜಿಗೂ ಪರದೆಗೂ ನಡುವೆ ಗಾಳಿಯಾಡಲು ಜಾಗ ಬಿಡಿ.

ನಿಮ್ಮದು ಯಾವ ಗಾಜು ಅಂತ ಮನೆಯಲ್ಲೇ ನೋಡಬಹುದು. ಮೂಲೆಯಲ್ಲಿ ಸಣ್ಣ ಮುದ್ರೆ ಕೆತ್ತಿದ್ದರೆ ಓದಿ, ಹೆಚ್ಚಿನ ಟಫನ್ಡ್ ಗಾಜಿಗೆ ಅದು ಇರುತ್ತದೆ. ಪದರ ಎಷ್ಟು ಅಂತ ತಿಳಿಯಲು ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಗಾಜಿನ ಹತ್ತಿರ ಹಿಡಿದು ಓರೆಯಾಗಿ ನೋಡಿ. ಗಾಜಿನ ಒಂದೊಂದು ಮೈಗೂ ಒಂದೊಂದು ಪ್ರತಿಬಿಂಬ ಕಾಣುತ್ತದೆ. ಎರಡು ಚುಕ್ಕಿ ಅಂಟಿಕೊಂಡಂತೆ ಇದ್ದರೆ ಒಂದೇ ಪದರ. ದೂರ ದೂರ ಎರಡು ಜೋಡಿ, ಅಂದರೆ ನಾಲ್ಕು ಚುಕ್ಕಿ ಕಂಡರೆ ಎರಡು ಪದರ. ನಾಲ್ಕರಲ್ಲಿ ಒಂದರ ಬಣ್ಣ ಮಾತ್ರ ಬೇರೆ ಇದ್ದರೆ ಆ ಮೈಗೆ ಲೋ-ಇ ಲೇಪನ, ಅಂದರೆ ಶಾಖವನ್ನು ಹಿಂದಿರುಗಿಸುವ ತೆಳು ಲೇಪನ ಇದೆ. ಈ ಗುರುತನ್ನು ಬರೆದಿಟ್ಟುಕೊಂಡು ಫಿಲಂ ಹಾಕುವವರಿಗೆ ಹೇಳಿ.

ಎರಡು ಪದರದ ಗಾಜಿನಲ್ಲಿ ಇನ್ನೊಂದು ಚಿಂತೆ ಇದೆ. ಎರಡೂ ಗಾಜಿನ ನಡುವಿನ ಗಾಳಿ ಅಥವಾ ಆರ್ಗಾನ್ ಅನಿಲ ಕಾದು ಹಿಗ್ಗಿದಾಗ ಸುತ್ತಲಿನ ಸೀಲ್ ಮೇಲೆ ಒತ್ತಡ ಬೀಳುತ್ತದೆ. ಸೀಲ್ ಬಿಟ್ಟರೆ ಒಳಗೆ ತೇವ ಸೇರಿ, ಎಷ್ಟು ಒರೆಸಿದರೂ ಹೋಗದ ಮಂಜು ಕಟ್ಟುತ್ತದೆ. ಹಾಗಂತ ಎರಡು ಪದರದ ಗಾಜಿಗೆ ಫಿಲಂ ಹಾಕಲೇಬಾರದು ಎಂದೇನಿಲ್ಲ. ಕಡಿಮೆ ಹೀರುವ ಫಿಲಂ ಆರಿಸಬೇಕು, ಇಲ್ಲವೇ ಹೊರಮೈಗೆ ಅಂಟಿಸುವ ಫಿಲಂ ಹಾಕಬೇಕು. ಹೊರಗೆ ಹಾಕಿದರೆ ಶಾಖ ಒಳಗೆ ನುಗ್ಗುವ ಮೊದಲೇ ನಿಲ್ಲುತ್ತದೆ. ಆದರೆ ಮಳೆ, ಧೂಳು, ಬಿಸಿಲಿಗೆ ಮೈಯೊಡ್ಡಿ ಅದರ ಆಯುಸ್ಸು ಒಳಗಿನದಕ್ಕಿಂತ ಕಡಿಮೆ.

ದೊಡ್ಡ ಫಿಲಂ ತಯಾರಕರ ಬಳಿ ಯಾವ ಫಿಲಂ ಯಾವ ಗಾಜಿಗೆ ಹೊಂದುತ್ತದೆ ಎಂಬ ಪಟ್ಟಿ ಇರುತ್ತದೆ. ಅದನ್ನು ತೋರಿಸಿ ಅಂತ ಕೇಳಿ. ಕಿಟಕಿ ಮಾಡಿಕೊಟ್ಟವರ ವಾರಂಟಿ ಕಾಗದವನ್ನೂ ಓದಿ. ಫಿಲಂ ಅಂಟಿಸಿದರೆ ವಾರಂಟಿ ರದ್ದು ಅಂತ ಎಷ್ಟೋ ಕಾಗದಗಳಲ್ಲಿ ಇರುತ್ತದೆ. ಆಗ ಗಾಜು ಸೀಳಿದರೆ, ಸೀಲ್ ಹೋದರೆ ಫಿಲಂ ಕಂಪನಿಯ ವಾರಂಟಿ ಹೊರುತ್ತದೆಯೇ ಅನ್ನುವುದು ಬರಹದಲ್ಲಿ ಬೇಕು. ಬಾಯಿಮಾತು ಸಾಲದು.

ಗಾಜು ಸೀಳಿಯೇ ಬಿಟ್ಟರೆ ಕಾರಣವನ್ನು ಬಿರುಕೇ ಹೇಳುತ್ತದೆ. ಶಾಖದಿಂದ ಆದ ಬಿರುಕು ಅಂಚಿನಿಂದ ನೆಟ್ಟಗೆ, ಲಂಬವಾಗಿ ಹೊರಟು ಆಮೇಲೆ ಅಂಕುಡೊಂಕಾಗುತ್ತದೆ. ಏಟು ಬಿದ್ದು ಆದದ್ದು ಒಂದು ಬಿಂದುವಿನಿಂದ ನಾಲ್ಕೂ ಕಡೆ ಹರಡಿರುತ್ತದೆ. ಹೊಣೆ ಯಾರದು ಅಂತ ಮಾತು ಬಂದಾಗ ಒಡೆದ ಗಾಜು ತೆಗೆಸುವ ಮುಂಚೆ ಅಂಚಿನ ಹತ್ತಿರದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹೊರಗಿನವರಿಗೆ ಕಾಣುತ್ತದೆಯೇ?

ಕನ್ನಡಿ ಫಿಲಂ ಹಾಕಿದರೆ ನಾವು ಹೊರಗೆ ನೋಡಬಹುದು, ಹೊರಗಿನವರು ಒಳಗೆ ನೋಡಲಾಗದು ಅನ್ನುತ್ತಾರೆ. ಹಗಲಿನ ಮಟ್ಟಿಗೆ ಸರಿ. ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆಯವರಿಗೆ ಅದು ಕನ್ನಡಿ. ರಾತ್ರಿ ನೀವು ದೀಪ ಹಾಕಿದ ಕೂಡಲೇ ಆಟ ತಿರುಗುತ್ತದೆ. ಹೊರಗೆ ಕತ್ತಲಲ್ಲಿ ನಿಂತವರಿಗೆ ನೀವು ಕಾಣುತ್ತೀರಿ, ನಿಮಗೆ ನಿಮ್ಮ ಮುಖವೇ ಕಾಣುತ್ತದೆ. ಹಗಲೂ ರಾತ್ರಿಯೂ ಒಂದೇ ಕಡೆಯಿಂದ ಕಾಣುವ ಫಿಲಂ ಯಾವುದೂ ಇಲ್ಲ. ಇದೆ ಅಂತ ಮಾರುವವರನ್ನು ನಂಬಿ ಮಲಗುವ ಕೋಣೆಯ ಪರದೆ ತೆಗೆಯಬೇಡಿ.

ಬಚ್ಚಲಿಗೆ, ಮೆಟ್ಟಿಲ ಕಿಟಕಿಗೆ, ಮುಂಬಾಗಿಲ ಪಕ್ಕದ ಗಾಜಿಗೆ ಮಂಜು ಬಣ್ಣದ ಫ್ರಾಸ್ಟೆಡ್ ಫಿಲಂ ಸರಿ. ಅದು ಹಗಲು ರಾತ್ರಿ ಎರಡೂ ಹೊತ್ತು ಮರೆಮಾಡುತ್ತದೆ, ಬೆಳಕನ್ನು ಬಿಡುತ್ತದೆ. ಹೊರಗಿನ ನೋಟ ಮಾತ್ರ ಹೋಗುತ್ತದೆ. ಕೂತಾಗ ಕಣ್ಣಿನ ಮಟ್ಟ ಎಲ್ಲಿ ಬರುತ್ತದೋ ಅಲ್ಲಿಯವರೆಗೆ ಮಾತ್ರ ಅಂಟಿಸಿ ಮೇಲಿನ ಭಾಗ ಹಾಗೇ ಬಿಟ್ಟರೆ ಆಕಾಶ, ಮರ ಕಾಣುತ್ತವೆ.

ಮನೆ ಕತ್ತಲಾದರೆ? ಗಿಡಗಳು? ಚಳಿಗಾಲ?

ಕತ್ತಲ ಭಯಕ್ಕೆ ಪರಿಹಾರ ಸುಲಭ. ಅಂಗೈ ಅಗಲದ ಸ್ಯಾಂಪಲ್‌ನಿಂದ ಏನೂ ಗೊತ್ತಾಗುವುದಿಲ್ಲ. ಕನಿಷ್ಠ ಎ4 ಹಾಳೆಯಷ್ಟು ದೊಡ್ಡ ತುಂಡು ಕೇಳಿ ತನ್ನಿ. ಸೋಪಿನ ನೀರು ಹಚ್ಚಿ ನಿಮ್ಮದೇ ಕಿಟಕಿಗೆ ಅಂಟಿಸಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೋಡ ಕವಿದಾಗ ನೋಡಿ. ಹಿಂದೆ ಒಂದು ಬಿಳಿ ಕಾಗದ ಹಿಡಿದರೆ ಫಿಲಂನ ಬಣ್ಣದ ಛಾಯೆ ಬಯಲಾಗುತ್ತದೆ. ಬೂದು ಅಂದುಕೊಂಡದ್ದು ಹಸಿರು ಹೊಡೆಯುತ್ತಿರಬಹುದು. ನನ್ನ ಮಟ್ಟಿಗೆ ದಿನವಿಡೀ ಕೂರುವ ಕೋಣೆಗೆ 50ಕ್ಕಿಂತ ಕಡಿಮೆ ವಿಎಲ್‌ಟಿ ಬೇಡ. ಹಗಲಲ್ಲೂ ದೀಪ ಹಾಕಿಕೊಂಡು ಕೂರುವಂತಾದರೆ ಉಳಿಸಿದ್ದು ಏನು ಬಂತು, ಅಲ್ವಾ?

ಕಿಟಕಿಯ ಗಿಡಗಳಿಗೆ ಬೇಕಾದ್ದು 400ರಿಂದ 700 ನ್ಯಾನೋಮೀಟರಿನ ಬೆಳಕು, ಅಂದರೆ ನಮಗೆ ಕಾಣುವ ಬೆಳಕೇ. ಹಾಗಾಗಿ ಇಲ್ಲೂ ವಿಎಲ್‌ಟಿ ನೋಡಿದರೆ ಸಾಕು. 70 ಇದ್ದರೆ ಹೆಚ್ಚಿನ ಒಳಾಂಗಣ ಗಿಡಗಳಿಗೆ ತೊಂದರೆ ಇಲ್ಲ. 20–30 ಆದರೆ ಬಿಸಿಲು ಬೇಡುವ ಗಿಡ ಸೊರಗುತ್ತದೆ. ಹೊಸದಾಗಿ ಹಾಕಿಸಿದಾಗ ಎಲೆಗಳ ಮೇಲೆ ಒಂದು ಕಣ್ಣಿಡಿ.

ಫಿಲಂ ಹಾಕಿದರೆ ವಿಟಮಿನ್ ಡಿ ಸಿಗುವುದಿಲ್ಲ ಅನ್ನುವ ಚಿಂತೆ ಮಾತ್ರ ಬಿಟ್ಟುಬಿಡಿ. ಮೈಯಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ್ದು ಯುವಿ-ಬಿ. ಅದನ್ನು ಸಾದಾ ಗಾಜೇ ಬಹುಪಾಲು ತಡೆದುಬಿಡುತ್ತದೆ. ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದವರಿಗೆ ಮೊದಲೂ ಅದು ಸಿಗುತ್ತಿರಲಿಲ್ಲ. ಗಾಜು ಬಿಡುವುದು ಯುವಿ-ಎಯನ್ನು. ಚರ್ಮ ಸುಕ್ಕಾಗಿಸುವುದರಲ್ಲಿ ಅದರ ಕೈ ಇದೆ. ಫಿಲಂ ತಡೆಯುವುದು ಅದನ್ನು. ಈ ಲೆಕ್ಕದಲ್ಲಿ ಫಿಲಂನಿಂದ ಲಾಭವೇ.

ಚಳಿಗಾಲದ ಪ್ರಶ್ನೆ ಗಂಭೀರ. ಬೇಸಿಗೆಯಲ್ಲಿ ಬೇಡವಾದ ಬಿಸಿಲು ಚಳಿಯಲ್ಲಿ ಬೇಕಾಗುತ್ತದೆ. ಫಿಲಂಗೆ ಕಾಲದ ಲೆಕ್ಕವಿಲ್ಲ, ವರ್ಷವಿಡೀ ತಡೆಯುತ್ತದೆ. ಚಳಿ ಹೆಚ್ಚಿರುವ, ಹೀಟರ್ ಹಾಕಲೇಬೇಕಾದ ಕಡೆ ಎಲ್ಲ ಕಿಟಕಿಗೂ ಬಿಸಿಲು ತಡೆಯುವ ಫಿಲಂ ಹಾಕಿದರೆ ಬೇಸಿಗೆಯಲ್ಲಿ ಉಳಿದದ್ದು ಚಳಿಗಾಲದಲ್ಲಿ ಹೋಗಬಹುದು. ಸಾಮಾನ್ಯ ಫಿಲಂ ಒಳಗಿನ ಬೆಚ್ಚಗೆಯನ್ನು ಹಿಡಿದಿಡುವುದಿಲ್ಲ. ಆ ಕೆಲಸಕ್ಕೆ ಲೋ-ಇ ಫಿಲಂ ಬೇರೆ ಇದೆ. ಅದು ಕೋಣೆಯ ಶಾಖವನ್ನು ಕೋಣೆಗೇ ಹಿಂದಿರುಗಿಸುತ್ತದೆ. ಅದರ ಒಂದು ತೊಡಕು: ಗಾಜಿನ ಒಳಮೈ ಮೊದಲಿಗಿಂತ ತಣ್ಣಗಾಗಿ, ತೇವ ಹೆಚ್ಚಿರುವ ಕೋಣೆಯಲ್ಲಿ ನೀರ ಹನಿ ಕಟ್ಟುವುದು ಹೆಚ್ಚಬಹುದು.

ಫಿಲಂ ಬೇಕೋ, ಪರದೆ ಸಾಕೋ

ಬಿಸಿಲನ್ನು ಗಾಜಿಗೆ ತಾಕುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಒಳ್ಳೆಯದು. ಹೊರಗಿನ ಸಜ್ಜಾ, ಹೊರಗೆ ಇಳಿಬಿಡುವ ಪರದೆ, ಮರದ ನೆರಳು ಇವನ್ನು ಯಾವ ಫಿಲಂ ಕೂಡ ಸುಲಭವಾಗಿ ಮೀರಿಸದು. ಸೂರ್ಯ ನೆತ್ತಿಯ ಮೇಲಿದ್ದಾಗ ಸಜ್ಜಾ ಸಾಕು. ಪೂರ್ವ, ಪಶ್ಚಿಮದ ಕಿಟಕಿಗಳಲ್ಲಿ ಸೂರ್ಯ ಕೆಳಗಿನಿಂದ ನೇರ ಒಳಗೆ ನುಗ್ಗುವುದರಿಂದ ಸಜ್ಜಾ ಕೈಕೊಡುತ್ತದೆ. ಫಿಲಂನ ಬೆಲೆ ಗೊತ್ತಾಗುವುದು ಅಲ್ಲಿ. ಒಳಗಿನ ಪರದೆ ಬೆಳಕನ್ನೂ ಮರೆಯನ್ನೂ ನೋಡಿಕೊಳ್ಳುತ್ತದೆ, ಆದರೆ ಶಾಖ ಅಷ್ಟರಲ್ಲಿ ಮನೆಯೊಳಗೆ ಬಂದಾಗಿರುತ್ತದೆ. ಪರದೆಯ ದೊಡ್ಡ ಅನುಕೂಲ ಅಂದರೆ ಬೇಡವಾದಾಗ ಸರಿಸಬಹುದು.

ಕಿಟಕಿಯ ಫ್ರೇಮೇ ಹಾಳಾಗಿದ್ದರೆ, ಸಂದಿಯಿಂದ ಗಾಳಿ ನುಗ್ಗುತ್ತಿದ್ದರೆ ಫಿಲಂಗೆ ಖರ್ಚು ಮಾಡಬೇಡಿ. ಆ ಹಣ ಹೊಸ ಗಾಜಿಗೆ ಕೂಡಿಡಿ. ಕೋಣೆ ಕಾಯುತ್ತಿರುವುದು ಮೇಲ್ಛಾವಣಿಯಿಂದಲೋ ಗೋಡೆಯಿಂದಲೋ ಆಗಿದ್ದರೂ ಅಷ್ಟೇ. ಕಿಟಕಿಗೆ ಒಂದು ದಿನ ಹೊರಗಿನಿಂದ ದಪ್ಪ ರಟ್ಟು ಮುಚ್ಚಿ ನೋಡಿ. ಆಗಲೂ ಕೋಣೆ ಅಷ್ಟೇ ಕಾದರೆ ಕಳ್ಳ ಕಿಟಕಿಯಲ್ಲಿಲ್ಲ.

ಬಾಡಿಗೆ ಮನೆಯವರಿಗೆ ಅಂಟಿಲ್ಲದ ಸ್ಟ್ಯಾಟಿಕ್ ಫಿಲಂ ಇದೆ. ನೀರು ಚಿಮುಕಿಸಿ ಒತ್ತಿದರೆ ಕೂರುತ್ತದೆ, ಮೂಲೆ ಹಿಡಿದು ಎಳೆದರೆ ಬರುತ್ತದೆ. ಶಾಖ ತಡೆಯುವುದರಲ್ಲಿ ಅಂಟಿನದಕ್ಕೆ ಸಮನಲ್ಲ, ಅಂಚು ಏಳುತ್ತದೆ. ಆದರೂ ಮರೆಗೆ, ಯುವಿಗೆ ಸಾಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಹೊರಗಿನ ನೋಟ ಬದಲಿಸಲು ಅನುಮತಿ ಬೇಕೇ ಅಂತ ಮೊದಲು ಕೇಳಿಕೊಳ್ಳಿ. ಕನ್ನಡಿ ಫಿಲಂನ ಹೊಳಪು ಎದುರು ಮನೆಯ ಕೋಣೆಗೆ ಬಿಸಿಲನ್ನು ತಿರುಗಿಸಬಹುದು. ಇನ್ನೊಂದು ನನಗೆ ಮುಖ್ಯ ಅನ್ನಿಸುವ ವಿಷಯ: ಕನ್ನಡಿಯಂಥ ಗಾಜಿನಲ್ಲಿ ಮರ, ಆಕಾಶ ಕಂಡು ಹಕ್ಕಿಗಳು ಬಂದು ಡಿಕ್ಕಿ ಹೊಡೆದು ಸಾಯುತ್ತವೆ. ಎದುರಿಗೆ ಮರಗಳಿದ್ದರೆ ಕನ್ನಡಿ ಫಿಲಂ ಬೇಡ. ಈಗಾಗಲೇ ಹಕ್ಕಿಗಳು ಬಡಿಯುತ್ತಿದ್ದರೆ ಗಾಜಿನ ಹೊರಮೈಗೆ 5 ಸೆಂ.ಮೀ. ಅಂತರದಲ್ಲಿ ಚುಕ್ಕಿಗಳನ್ನು ಅಂಟಿಸಿದರೆ ತಪ್ಪಿಸಬಹುದು.

ಅಂಟಿಸುವುದು, ಒಣಗುವುದು, ತೆಗೆಯುವುದು

ಸಣ್ಣ ಕಿಟಕಿಗೆ ನೀವೇ ಅಂಟಿಸಬಹುದು. ದೊಡ್ಡ ಹಲಗೆಗೆ, ಎತ್ತರದ ಕಿಟಕಿಗೆ, ಸೇಫ್ಟಿ ಫಿಲಂಗೆ ಕೆಲಸ ಗೊತ್ತಿರುವವರೇ ಬೇಕು. ಕೆಲಸ ಕೆಡಿಸುವುದು ಧೂಳು. ಫ್ಯಾನ್ ಆರಿಸಿ, ಗಾಜನ್ನು ಬ್ಲೇಡಿನಿಂದ ಕೆರೆದು, ಫ್ರೇಮಿನ ಮೂಲೆಯ ಮಣ್ಣನ್ನೂ ತೆಗೆದು ತೊಳೆಯಬೇಕು. ನೇರ ಬಿಸಿಲು ಬೀಳುವ ಹೊತ್ತಲ್ಲಿ ಬೇಡ, ನೀರು ಬೇಗ ಆರಿಹೋಗುತ್ತದೆ. ಹಿಂದಿನ ಕಾಗದ ಬಿಡಿಸಲು ಒಂದು ಮೂಲೆಯ ಎರಡೂ ಬದಿಗೆ ಸಣ್ಣ ಟೇಪ್ ಅಂಟಿಸಿ ಎರಡನ್ನೂ ಎಳೆಯಿರಿ, ತಾನಾಗಿ ಬಿಡುತ್ತದೆ. ಗಾಜಿಗೂ ಅಂಟಿನ ಬದಿಗೂ ಸೋಪಿನ ನೀರು ಧಾರಾಳವಾಗಿ ಚಿಮುಕಿಸಿ. ನೀರಿದ್ದರೆ ಫಿಲಂ ಜಾರುತ್ತದೆ, ಸರಿಯಾಗಿ ಕೂರಿಸಲು ಸಮಯ ಸಿಗುತ್ತದೆ. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ಎಳೆಯಿರಿ.

ಸುತ್ತಲೂ 1–2 ಮಿ.ಮೀ. ಸಂದಿ ಬಿಟ್ಟಿರುವುದನ್ನು ನೋಡಿ ಕೆಲಸ ಸರಿಯಿಲ್ಲ ಅಂತ ಕೆಲವರು ಜಗಳ ಮಾಡುತ್ತಾರೆ. ಅದು ಬೇಕೆಂದೇ ಬಿಟ್ಟದ್ದು. ನೀರು ಹೊರಬರಲು ಅದೇ ದಾರಿ. ಫಿಲಂ ಫ್ರೇಮಿಗೆ ತಾಗಿದರೆ ಅಂಚು ಮಡಚಿ ಏಳುತ್ತದೆ. ಮೊದಲ ಕೆಲವು ವಾರ ಮಬ್ಬು, ಸಣ್ಣ ನೀರಿನ ಗುಳ್ಳೆ ಕಂಡರೂ ಗಾಬರಿ ಬೇಡ. ತಾವಾಗಿ ಆರುತ್ತವೆ. ಚಳಿಯಲ್ಲಿ, ದಪ್ಪ ಫಿಲಂನಲ್ಲಿ ಇನ್ನೂ ತಡ. ಸೂಜಿ ಚುಚ್ಚಬೇಡಿ. ಒಂದು ತಿಂಗಳಾದ ಮೇಲೂ ಉಳಿದ ಗುಳ್ಳೆ, ಒಳಗೆ ಸಿಕ್ಕ ಧೂಳು, ಮಡಿಕೆ ಇವು ಕೆಲಸದ ದೋಷ. ಅವನ್ನು ಬದಲಿಸಿಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ಆ ಒಂದು ತಿಂಗಳು ಗಾಜು ಒರೆಸಬೇಡಿ. ಆಮೇಲೆ ಮೆತ್ತನೆಯ ಬಟ್ಟೆ, ತೆಳು ಸೋಪಿನ ನೀರು ಸಾಕು. ಉಜ್ಜುವ ಪುಡಿ, ಒರಟು ನಾರು, ಅಮೋನಿಯಾ ಇರುವ ದ್ರವ ಬೇಡ.

ಹುಬ್ಬುತಗ್ಗಿನ ಡಿಸೈನ್ ಇರುವ ಗಾಜಿನ ಒರಟು ಮೈಗೆ ಫಿಲಂ ಅಂಟುವುದಿಲ್ಲ. ಪಾಲಿಕಾರ್ಬೊನೇಟ್, ಅಕ್ರಿಲಿಕ್ ಹಾಳೆಗಳಿಗೂ ಸಾಮಾನ್ಯ ಫಿಲಂ ಬೇಡ. ಆ ಪ್ಲಾಸ್ಟಿಕ್ ಅನಿಲ ಬಿಡುವುದರಿಂದ ಮತ್ತೆ ಮತ್ತೆ ಗುಳ್ಳೆ ಏಳುತ್ತದೆ.

ಒಳಗಡೆ ಹಾಕಿದ ಒಳ್ಳೆಯ ಫಿಲಂ 10ರಿಂದ 15 ವರ್ಷ ಬಾಳುತ್ತದೆ. ಒಂದು ದಿನ ತೆಗೆಯಬೇಕಾಗುತ್ತದೆ, ತೆಗೆದರೆ ಗಾಜು ಹಾಳಾಗುವುದಿಲ್ಲ. ಹಬೆ ಹಿಡಿದು ಅಂಟನ್ನು ಮೆತ್ತಗಾಗಿಸಿ ಮೂಲೆಯಿಂದ ನಿಧಾನವಾಗಿ ಎಳೆಯಬೇಕು, ಉಳಿದ ಅಂಟನ್ನು ಸೋಪಿನ ನೀರು ಹಚ್ಚಿ ಬ್ಲೇಡಿನಿಂದ ಕೆರೆಯಬೇಕು. ಒಣಗಿದ ಗಾಜಿನ ಮೇಲೆ ಬ್ಲೇಡ್ ಓಡಿಸಿದರೆ ಗೀರು ಬೀಳುತ್ತದೆ. ಬಿಸಿಲಿಗೆ ಸುಟ್ಟು ಗರಿಗರಿಯಾದ ಹಳೆಯ ಫಿಲಂ ಉಗುರಿನಷ್ಟು ಚೂರು ಚೂರಾಗಿ ಬರುತ್ತದೆ, ಒಂದು ಕಿಟಕಿಗೆ ಅರ್ಧ ದಿನ ಹಿಡಿದರೂ ಹಿಡಿಯಿತು. ಹಾಗಾಗಿ ಅಂಚು ಏಳಲು, ಬಣ್ಣ ತಿರುಗಲು ಶುರುವಾದ ಕೂಡಲೇ ತೆಗೆಸಿಬಿಡಿ. ಹೊಸದಕ್ಕೆ ಆರ್ಡರ್ ಕೊಡುವಾಗ ಹಳೆಯದನ್ನು ತೆಗೆಯುವ ಕೂಲಿ ಸೇರಿದೆಯೇ ಅಂತ ಅದೇ ರಸೀದಿಯಲ್ಲಿ ಬರೆಸಿಕೊಳ್ಳಿ.